ತೊಡೆಸಂದು ಅನ್ನುವ ಅಗಸಿ

ಮುಧೋಳ ತಾಲ್ಲೂಕಿನ ಒಂದು ಊರಿನಲ್ಲಿ, ಗರಡಿ ಮನೆಯ ಮುಂದೆ ಆಡಿದ ಮಾತು ಇದು. ಹುಡುಗರು ಸಂಜೆಯ ತಾಲೀಮು ಮುಗಿಸಿ, ಮೈಗೆ ಹತ್ತಿದ ಕೆಂಪು ಮಣ್ಣು ಕೊಡವಿಕೊಂಡು ಬಂದು ಕೂತಿದ್ದರು. ಹಿರಿಯರು ಕಟ್ಟೆಯ ಮೇಲಿದ್ದರು. ಹೆಣ್ಣುಮಕ್ಕಳು ಪಕ್ಕದ ಗುಡಿಯ ಪಡಸಾಲೆಯಲ್ಲಿ ಕೂತಿದ್ದರು. ಊರಿನ ಆಶಾ ಕಾರ್ಯಕರ್ತೆ ಎರಡು ದಿನ ಮೊದಲೇ ಒಂದು ಡಬ್ಬಿ ಇಟ್ಟು, ಹೆಸರು ಬರೆಯದೆ ಚೀಟಿ ಹಾಕಿ ಎಂದು ಮನೆಮನೆಗೆ ಹೇಳಿ ಬಂದಿದ್ದರು. ಅವತ್ತು ಆಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.

ಎಲ್ಲರಿಗೂ ಶರಣು.

ಇವತ್ತಿನ ಮಾತು ತೊಡೆಸಂದಿನ ಬಗ್ಗೆ. ಹೊಟ್ಟೆ ಮುಗಿದು ತೊಡೆ ಶುರುವಾಗುವ ಕಡೆ ಒಂದು ಗೆರೆ ಬೀಳುತ್ತದಲ್ಲ, ಆ ಜಾಗ. ನಾನು ಈ ಜಿಲ್ಲೆಯಲ್ಲೇ ಸರ್ಜನ್ ಆಗಿ ಕೆಲಸ ಮಾಡಿಕೊಂಡು ಬಂದವನು. ಈ ಜಾಗದ ತೊಂದರೆ ಇರುವವರು ನನ್ನ ಮುಂದೆ ಬಂದು ಕೂತರೂ ಬಾಯಿ ಬಿಡುವುದಿಲ್ಲ. "ಇಲ್ಲೇ ಕೆಳಗ ಸ್ವಲ್ಪ ತ್ರಾಸ ಐತ್ರಿ" ಅನ್ನುತ್ತಾರೆ. ಕೆಳಗೆ ಅಂದರೆ ಎಲ್ಲಿ ಎಂದು ಕೇಳಿದರೆ "ಅಲ್ಲೇ ರೀ" ಅನ್ನುತ್ತಾರೆ. ಕೈ ಮಾತ್ರ ಹೊಕ್ಕಳ ಬಿಟ್ಟು ಕೆಳಗೆ ಇಳಿಯುವುದಿಲ್ಲ.

ಒಬ್ಬರನ್ನು ನಾನು ಮರೆತಿಲ್ಲ. ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದವರು, ವಯಸ್ಸು 55ರ ಹತ್ತಿರ. ಬಲಗಡೆ ಸಂದಿನಲ್ಲಿ ಗಂಟು ಬಂದು 12 ವರ್ಷ ಆಗಿತ್ತು. ಧೋತರದ ಕಟ್ಟು ಬಿಗಿ ಮಾಡಿ ಅದನ್ನು ಮುಚ್ಚಿಕೊಂಡೇ ಚೀಲ ಹೊತ್ತಿದ್ದರು. ರಾತ್ರಿ ಮಲಗಿದಾಗ ಒಳಗೆ ಹೋಗುತ್ತಿತ್ತು. ಬೆಳಗ್ಗೆ ಎದ್ದು ಓಡಾಡಿದರೆ ಮತ್ತೆ ಇಳಿಯುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ಒಂದು ದಿನ ಅದು ಒಳಗೆ ಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಯಿತು, ವಾಂತಿ ಶುರುವಾಯಿತು. ಆಗಲೂ ಎರಡು ದಿನ "ಹೊಟ್ಟಿ ಕೆಟ್ಟೈತಿ" ಅಂದುಕೊಂಡು ಮನೆಯಲ್ಲೇ ಇದ್ದರು. ಮೂರನೆಯ ದಿನ ಕರೆತಂದರು. ಹೊಟ್ಟೆ ತೆರೆದು ನೋಡಿದರೆ ಕರುಳಿನ ಒಂದು ತುಂಡು ಕಪ್ಪಾಗಿ ಸತ್ತಿತ್ತು. ಅದನ್ನು ಕತ್ತರಿಸಿ ಜೋಡಿಸಿದೆವು. ಜೀವ ಉಳಿಯಿತು. ಆದರೆ ಆ ಮನುಷ್ಯ ಮೊದಲಿನ ಹಾಗೆ ಚೀಲ ಎತ್ತಲಿಲ್ಲ.

12 ವರ್ಷದಲ್ಲಿ ಯಾವತ್ತು ಬಂದಿದ್ದರೂ ಅದು ಒಂದು ಗಂಟೆಯ ಕೆಲಸ. ಅದಕ್ಕೇ ನಾನು ಇಲ್ಲಿ ಬಂದು ಕೂತಿರುವುದು.

ಮೊದಲು ಆ ಜಾಗ ಹೇಗಿದೆ ನೋಡೋಣ. ನಮ್ಮ ಹಳೆಯ ಊರುಗಳಿಗೆ ಅಗಸಿ, ಅಂದರೆ ಊರಬಾಗಿಲು, ಇತ್ತು ಅಲ್ವಾ. ಊರ ಸುತ್ತ ಎಷ್ಟೇ ಗಟ್ಟಿ ಗೋಡೆ ಕಟ್ಟಿದರೂ ಒಂದು ಕಡೆ ಅಗಸಿ ಬಿಡಲೇಬೇಕು. ಚಕ್ಕಡಿ ಹೋಗಬೇಕು, ದನ ಹೋಗಬೇಕು, ಹೊಲಕ್ಕೆ ಹೋದವರು ತಿರುಗಿ ಬರಬೇಕು. ಅಗಸಿ ಬಿಟ್ಟ ಮೇಲೆ ಗೋಡೆಗೆ ಅದೇ ಮೆತ್ತನೆಯ ಜಾಗ. ಹೊಟ್ಟೆಗೂ ಹಾಗೇ. ಮುಂದೆ, ಪಕ್ಕಕ್ಕೆ ಮೂರು ಪದರದ ಮಾಂಸಖಂಡದ ಗೋಡೆ ಇದೆ. ಕಾಲಿಗೆ ರಕ್ತ ಹೋಗಬೇಕು, ನರ ಹೋಗಬೇಕು, ಗಂಡಸರಲ್ಲಿ ಬೀಜಕ್ಕೆ ಹೋಗುವ ನಾಳ ಹೋಗಬೇಕು. ಅದಕ್ಕೆಲ್ಲ ದಾರಿ ಬಿಟ್ಟಿರುವುದು ತೊಡೆಸಂದಿನಲ್ಲಿ.

ನಿಮ್ಮ ಸೊಂಟದ ಮುಂದೆ ಕೈ ಇಡಿ. ಒಂದು ಎಲುಬಿನ ಮೊನೆ ಸಿಗುತ್ತದೆ. ಅಲ್ಲಿಂದ ಓರೆಯಾಗಿ ಕೆಳಗೆ, ಕೆಳಹೊಟ್ಟೆಯ ನಟ್ಟನಡುವಿನ ಎಲುಬಿನ ತನಕ ಹಗ್ಗದಂಥ ಒಂದು ಪಟ್ಟಿ ಹಾದುಹೋಗುತ್ತದೆ. ಅದನ್ನು ಅಗಸಿಯ ಹೊಸ್ತಿಲು ಅಂದುಕೊಳ್ಳಿ. ಹೊಸ್ತಿಲಿನ ಮೇಲೆ ಒಂದು ದಾರಿ, ಕೆಳಗೆ ಒಂದು ದಾರಿ. ಮೇಲಿನದು 4 ಸೆಂಟಿಮೀಟರ್ ಉದ್ದದ ಓರೆ ಓಣಿ. ಅದಕ್ಕೆ ಒಳಗೊಂದು ಬಾಯಿ, ಹೊರಗೊಂದು ಬಾಯಿ. ಎರಡೂ ಎದುರುಬದುರು ಇಲ್ಲ. ಹೀಗಾಗಿ ನಾವು ಕೆಮ್ಮಿದಾಗ, ತಿಣುಕಿದಾಗ ಓಣಿಯ ಹಿಂದಿನ ಗೋಡೆ ಮುಂದಿನ ಗೋಡೆಗೆ ಒತ್ತಿಕೊಂಡು ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಬಹಳ ಚೆಂದದ ಕಟ್ಟಡ ಇದು. ಎಷ್ಟು ಸಲ ಆಪರೇಷನ್ ಮಾಡಿದರೂ ನನಗೆ ಆಶ್ಚರ್ಯ ಹೋಗಿಲ್ಲ.

ಈ ಓಣಿ ಯಾಕೆ ಬೇಕಿತ್ತು? ಗಂಡು ಕೂಸು ಹೊಟ್ಟೆಯಲ್ಲಿರುವಾಗ ಅದರ ಬೀಜ, ಅಂದರೆ ವೃಷಣ, ಹುಟ್ಟುವುದು ಮೇಲೆ, ಮೂತ್ರಪಿಂಡದ ಹತ್ತಿರ. ಏಳನೆಯ ತಿಂಗಳ ಹೊತ್ತಿಗೆ ಅದು ಈ ಓಣಿಯಲ್ಲಿ ಇಳಿದು ಚೀಲಕ್ಕೆ ಬರುತ್ತದೆ. ವೀರ್ಯ ತಯಾರಾಗಲು ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು, ಅದಕ್ಕೆ ಹೊರಗೆ ಬರುವುದು. ಬರುವಾಗ ಹೊಟ್ಟೆಯ ಒಳಪದರವನ್ನೂ ಒಂದು ಕೊಳವೆಯ ಹಾಗೆ ಎಳೆದುಕೊಂಡು ಬರುತ್ತದೆ. ಇಳಿದ ಮೇಲೆ ಆ ಕೊಳವೆ ಮುಚ್ಚಿಹೋಗಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಸಣ್ಣ ಬಾಯಿ ಉಳಿದರೆ ಬರೀ ನೀರು ಇಳಿಯುತ್ತದೆ. ದೊಡ್ಡದಿದ್ದರೆ ಕರುಳೇ ಇಳಿಯುತ್ತದೆ. ಬಲಗಡೆಯ ಬೀಜ ಸ್ವಲ್ಪ ತಡವಾಗಿ ಇಳಿಯುವುದರಿಂದ ಈ ತೊಂದರೆ ಬಲಗಡೆಯೇ ಜಾಸ್ತಿ.

ಇದೇ ಹರ್ನಿಯಾ. ನಮ್ಮ ಕಡೆ "ಕರುಳು ಇಳಿದೈತಿ" ಅನ್ನುತ್ತಾರೆ. ಒಳ್ಳೆಯ ಮಾತು, ನಡೆದಿರುವುದನ್ನು ಇದ್ದ ಹಾಗೆ ಹೇಳುತ್ತದೆ. ಗಂಡಸರಲ್ಲಿ ನೂರಕ್ಕೆ ಸುಮಾರು 27 ಜನರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ತೊಡೆಸಂದಿನ ಹರ್ನಿಯಾ ಬರುತ್ತದೆ. ಹೆಂಗಸರಲ್ಲಿ ನೂರಕ್ಕೆ 3. ಈ ಕಟ್ಟೆಯ ಮೇಲೆ ಕೂತ ಹಿರಿಯರನ್ನು ಎಣಿಸಿದರೆ ನಾಲ್ಕರಲ್ಲಿ ಒಬ್ಬರು. ಇಷ್ಟು ಜನರಿಗೆ ಬರುವಂಥದ್ದನ್ನು ಮುಚ್ಚಿಡುವುದು ಯಾಕೆ?

ಚೀಟಿಗಳಲ್ಲಿ ಜಾಸ್ತಿ ಬಂದ ಪ್ರಶ್ನೆ ಒಂದೇ. ಭಾರ ಎತ್ತಿದರೆ ಹರ್ನಿಯಾ ಬರುತ್ತದೆಯೇ? ಸಂಗ್ರಾಣಿ ಕಲ್ಲು ಎತ್ತುವವರು, ಕಬ್ಬಿನ ಹೊರೆ ಹೊರುವವರು ಇರುವ ಊರಿನಲ್ಲಿ ಇದು ಸಹಜ. ನನ್ನ ಉತ್ತರ ಹೀಗಿದೆ. ಭಾರ ಎತ್ತಿದ ದಿನ ಗಂಟು ಕಾಣಿಸಿಕೊಂಡಿರಬಹುದು. ಆದರೆ ಬಾಗಿಲು ಮೊದಲೇ ಸಡಿಲಾಗಿತ್ತು. ಹುಟ್ಟಿನಿಂದ ಮುಚ್ಚದ ಕೊಳವೆ ಇರುತ್ತದೆ, ಇಲ್ಲವೇ ವಯಸ್ಸಾಗಿ ಹಿಂದಿನ ಗೋಡೆ ತೆಳುವಾಗಿರುತ್ತದೆ. ಮನೆತನದಲ್ಲಿ ಇದ್ದರೂ ಬರುತ್ತದೆ. ಒಂದು ದಿನ ಎತ್ತಿದ ಚೀಲಕ್ಕಿಂತ ಹತ್ತು ವರ್ಷ ಕೆಮ್ಮಿದ ಕೆಮ್ಮನ್ನು ನೋಡಿ. ಬೀಡಿ ಸೇದಿದರೆ ಎರಡು ಕಡೆಯಿಂದ ಹೊಡೆತ. ಕೆಮ್ಮು ಒತ್ತುತ್ತದೆ, ಹೊಗೆ ಗೋಡೆಯ ನಾರನ್ನೇ ಬಲಹೀನ ಮಾಡುತ್ತದೆ. ಮಲಬದ್ಧತೆ ಇದ್ದವರು ದಿನಾ ತಿಣುಕುತ್ತಾರೆ. 60 ದಾಟಿದ ಗಂಡಸರಿಗೆ ಮೂತ್ರಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೂ ತಿಣುಕಬೇಕಾಗುತ್ತದೆ. ಅದನ್ನು ಸರಿ ಮಾಡದೆ ಬರೀ ಹರ್ನಿಯಾ ಹೊಲಿದರೆ ಮತ್ತೆ ಬರುತ್ತದೆ. ಅದಕ್ಕೇ ಹರ್ನಿಯಾ ತೋರಿಸಲು ಬಂದವರಿಗೆ ನಾವು ಮೂತ್ರ ಸರಿಯಾಗಿ ಹೋಗುತ್ತದಾ, ಕೆಮ್ಮು ಇದೆಯಾ ಎಂದು ಕೇಳುವುದು. ಸುಮ್ನೆ ಕೇಳುವುದಲ್ಲ.

ಮನೆಯಲ್ಲೇ ಗೊತ್ತು ಮಾಡಿಕೊಳ್ಳುವುದು ಸುಲಭ. ನಿಂತುಕೊಂಡು ಕೆಮ್ಮಿ. ಸಂದಿನಲ್ಲಿ ಉಬ್ಬು ಎದ್ದು, ಬೆರಳಿಗೆ ತಟ್ಟಿದ ಹಾಗೆ ಆದರೆ, ಮಲಗಿದಾಗ ಅದು ಒಳಗೆ ಸರಿದರೆ, ಬಹುತೇಕ ಅದು ಹರ್ನಿಯಾ. ಒಳಗೆ ಹೋಗುವ ಗಂಟಿಗೆ ಪುರುಸೊತ್ತು ಇದೆ. ಡಾಕ್ಟರ್ ಹತ್ತಿರ ಹೋಗಿ ದಿನ ಗೊತ್ತು ಮಾಡಿಕೊಳ್ಳಿ. ದಿನಾ ಒಳಗೆ ಹೋಗುತ್ತಿದ್ದದ್ದು ಇವತ್ತು ಹೋಗಲಿಲ್ಲ, ಗಟ್ಟಿಯಾಗಿದೆ, ಮುಟ್ಟಿದರೆ ನೋವು, ವಾಂತಿ, ಹೊಟ್ಟೆಯುಬ್ಬರ, ಗಾಳಿಯೂ ಹೋಗುತ್ತಿಲ್ಲ ಅಂದರೆ ಒಂದು ಗಳಿಗೆಯೂ ಪುರುಸೊತ್ತು ಇಲ್ಲ. ಕರುಳಿನ ಕುತ್ತಿಗೆ ಹಿಸುಕಿದ ಹಾಗೆ ಆಗಿದೆ, ರಕ್ತ ನಿಂತಿದೆ. ಏನೂ ತಿನ್ನಬೇಡಿ, ಕುಡಿಯಬೇಡಿ. ಬಲವಂತವಾಗಿ ಒತ್ತಿ ಒಳಗೆ ಹಾಕಲು ಹೋಗಬೇಡಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ನೇರ ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಗೆ ಹೋಗಿ.

ಹರ್ನಿಯಾ ಅಂದ ತಕ್ಷಣ ಎಲ್ಲರಿಗೂ ಆಪರೇಷನ್ ಬೇಕಾ? ನಿಜ ಹೇಳುತ್ತೇನೆ. ಅಮೆರಿಕದಲ್ಲಿ ತೊಂದರೆ ಕಡಿಮೆ ಇದ್ದ 720 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದನ್ನು ಕಾದು ನೋಡಿದರು. 2006ರಲ್ಲಿ ಅದರ ಫಲ ಬಂತು. ಕಾದವರಲ್ಲಿ ಕರುಳು ಸಿಕ್ಕಿಕೊಂಡದ್ದು ಬಹಳ ಕಡಿಮೆ, ಸಾವಿರ ಜನರಲ್ಲಿ ವರ್ಷಕ್ಕೆ ಇಬ್ಬರಿಗಿಂತ ಕಡಿಮೆ. ಹಾಗಾಗಿ ನೋವಿಲ್ಲದ, ಸುಲಭವಾಗಿ ಒಳಗೆ ಹೋಗುವ ಹರ್ನಿಯಾ ಇದ್ದ ಗಂಡಸರು ಹೆದರಬೇಕಾಗಿಲ್ಲ. ಆದರೆ ಅದೇ ಜನರನ್ನು ಹತ್ತು ವರ್ಷ ಹಿಂಬಾಲಿಸಿದಾಗ, ಕಾದವರಲ್ಲಿ ಮೂರರಲ್ಲಿ ಎರಡು ಪಾಲು ಜನ ನೋವು ಜಾಸ್ತಿಯಾಗಿ ತಾವೇ ಬಂದು ಆಪರೇಷನ್ ಮಾಡಿಸಿಕೊಂಡಿದ್ದರು. ಅವರು ಕಾದದ್ದು ಡಾಕ್ಟರ್ ಕಣ್ಣ ಮುಂದೆ, ದೊಡ್ಡ ಆಸ್ಪತ್ರೆ ಹತ್ತಿರ ಇಟ್ಟುಕೊಂಡು. ಹೊಲದ ಮನೆಯಲ್ಲಿ ಇರುವವರಿಗೆ, ದಿನಾ ಭಾರ ಹೊರುವವರಿಗೆ, ನನ್ನ ಸಲಹೆ ಬೇಗ ಮಾಡಿಸಿಕೊಳ್ಳಿ ಅಂತಲೇ. ಕೂಸುಗಳಿಗೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಅತ್ತಾಗ ಸಂದಿನಲ್ಲಿ ಉಬ್ಬು ಕಂಡರೆ ಆ ವಾರವೇ ತೋರಿಸಿ. ಸಣ್ಣ ಕೂಸಿನಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯ ದೊಡ್ಡವರಿಗಿಂತ ಬಹಳ ಜಾಸ್ತಿ.

ಅಂಗಡಿಯಲ್ಲಿ ಸಿಗುವ ಹರ್ನಿಯಾ ಬೆಲ್ಟ್ ವಾಸಿ ಮಾಡುವುದಿಲ್ಲ. ಒಡೆದ ಅಗಸಿಗೆ ಚಾಪೆ ಅಡ್ಡ ಕಟ್ಟಿದ ಹಾಗೆ ಅದು. ಗುಳಿಗೆಯಿಂದಲೂ ಹೋಗುವುದಿಲ್ಲ. ಹೊಲಿಗೆಯೇ ಬೇಕು. 1880ರ ದಶಕದಲ್ಲಿ ಇಟಲಿಯ ಪಾಡುವಾದಲ್ಲಿ ಬಾಸ್ಸಿನಿ ಎಂಬ ಸರ್ಜನ್ ಓಣಿಯ ಗೋಡೆಯನ್ನು ಪದರ ಪದರವಾಗಿ ಹೊಲಿದು ತೋರಿಸಿದರು. ಸುಮಾರು ನೂರು ವರ್ಷ ಜಗತ್ತು ಹಾಗೇ ಹೊಲಿಯಿತು. ಆದರೆ ಎಳೆದು ಹೊಲಿದ ಬಟ್ಟೆ ಹರಿಯುವ ಹಾಗೆ ಎಷ್ಟೋ ಜನರಿಗೆ ಮತ್ತೆ ಹರಿಯುತ್ತಿತ್ತು. 1980ರ ದಶಕದಲ್ಲಿ ಲಿಕ್ಟನ್‌ಸ್ಟೈನ್ ಎಂಬುವರು ಎಳೆಯದೆ, ಒಂದು ಜಾಲರಿ ಹಚ್ಚಿ ತೇಪೆ ಹಾಕುವ ರೀತಿ ತಂದರು. ಈಗ ನಾವು ಮಾಡುವುದು ಬಹುತೇಕ ಅದನ್ನೇ, ಚರ್ಮ ಕೊಯ್ದು ತೆರೆದು, ಇಲ್ಲವೇ ಸಣ್ಣ ತೂತಿನಿಂದ ದುರ್ಬೀನು ಹಾಕಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಜಾಲರಿ ದುಬಾರಿ ಇತ್ತು. ಮಹಾರಾಷ್ಟ್ರದ ದೋಂಡಾಯಿಚಾ ಎಂಬ ಸಣ್ಣ ಊರಿನ ಸರ್ಜನ್ ಡಾ. ತೊಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧ ಮಾಡಿ ಬಳಸಿದರು. ಹಲವು ಊರುಗಳ ಸರ್ಜನ್‌ಗಳ ಜೊತೆ ಸೇರಿ 2003ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಅಗ್ಗದ ಜಾಲರಿಯೂ ದುಬಾರಿಯದರಷ್ಟೇ ಚೆನ್ನಾಗಿ ಹಿಡಿಯುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ತಾಲ್ಲೂಕು ಮಟ್ಟದ ಒಬ್ಬ ಸರ್ಜನ್ ಬಡವರ ಬಗ್ಗೆ ಯೋಚಿಸಿದ್ದು ಜಗತ್ತಿಗೆ ಉಪಯೋಗ ಆಯಿತು. ನನಗೆ ಅದು ಹೆಮ್ಮೆ.

ಆಪರೇಷನ್ ಆದ ದಿನವೇ ಎದ್ದು ಓಡಾಡಬಹುದು. ಸಣ್ಣಪುಟ್ಟ ಕೆಲಸ ಒಂದೆರಡು ವಾರಕ್ಕೆ. ಭಾರ ಎತ್ತುವುದು ಆರು ವಾರದ ಮೇಲೆ. ಕುಸ್ತಿ ಆಡುವವರು ಕಣಕ್ಕೆ ಇಳಿಯುವ ಮೊದಲು ಒಮ್ಮೆ ತೋರಿಸಿ ಹೋಗಿ. ನೂರರಲ್ಲಿ ಹತ್ತರಷ್ಟು ಜನರಿಗೆ ಆ ಜಾಗದಲ್ಲಿ ನೋವು ಕೆಲವು ತಿಂಗಳು ಉಳಿಯಬಹುದು. ಇದನ್ನು ಮೊದಲೇ ಹೇಳದೆ ಆಪರೇಷನ್ ಮಾಡಬಾರದು ಎಂದು ನಾನು ನಂಬಿದ್ದೇನೆ.

ಈಗ ಹುಡುಗರು ಈ ಕಡೆ ನೋಡಿ. ನಿಮಗೆ ಮಾತ್ರ ಒಂದು ಮಾತು. ನಿಮ್ಮ ತಾಯಂದಿರೂ ಕೇಳಲಿ.

12ರಿಂದ 18 ವರ್ಷದ ಹುಡುಗನಿಗೆ ಇದ್ದಕ್ಕಿದ್ದ ಹಾಗೆ, ಎಷ್ಟೋ ಸಲ ನಿದ್ದೆಯಲ್ಲೇ, ಒಂದು ಕಡೆ ಬೀಜ ಕಿತ್ತುಕೊಂಡ ಹಾಗೆ ನೋವು ಬರುತ್ತದೆ. ವಾಂತಿ ಆಗುತ್ತದೆ. ಒಂದು ಬೀಜ ಮೇಲೆ ಏರಿ ಅಡ್ಡ ನಿಂತ ಹಾಗೆ ಕಾಣುತ್ತದೆ. ಬೀಜ ಜೋತುಬಿದ್ದಿರುವ ನಾಳ ಹಗ್ಗದ ಹಾಗೆ ತಿರುಚಿಕೊಂಡಿರುತ್ತದೆ. ರಕ್ತ ನಿಂತಿರುತ್ತದೆ. 6 ಗಂಟೆಯೊಳಗೆ ಬಿಡಿಸಿದರೆ ಬಹುತೇಕ ಉಳಿಯುತ್ತದೆ. ಒಂದು ದಿನ ದಾಟಿದರೆ ಬಹುತೇಕ ಹೋದ ಹಾಗೆ. ಹುಡುಗ ಏನು ಮಾಡುತ್ತಾನೆ ಗೊತ್ತಾ? ಅವ್ವನ ಮುಂದೆ ಹೇಗೆ ಹೇಳಲಿ ಎಂದು "ಹೊಟ್ಟಿ ನೋವು" ಅನ್ನುತ್ತಾನೆ. ಅವ್ವ ಓಂಕಾಳು ಕೊಡುತ್ತಾಳೆ. ಬೆಳಗಾಗುತ್ತದೆ. ಹಾಸ್ಟೆಲಿನಲ್ಲಿ ಇರುವ ಹುಡುಗನದು ಇನ್ನೂ ಕಷ್ಟ. ಒಬ್ಬ ಹತ್ತನೆಯ ತರಗತಿ ಹುಡುಗನನ್ನು ಹೀಗೇ 20 ಗಂಟೆ ತಡವಾಗಿ ಕರೆತಂದಿದ್ದರು. ಒಂದು ಬೀಜ ತೆಗೆಯಬೇಕಾಯಿತು. ಇನ್ನೊಂದು ತಿರುಚದ ಹಾಗೆ ಹೊಲಿದು ನಿಲ್ಲಿಸಿದೆವು. ಅವನಿಗೆ ಮುಂದೆ ಮಕ್ಕಳಾಗಲು ತೊಂದರೆ ಇಲ್ಲ, ಒಂದೇ ಸಾಕು. ಆದರೆ ಅವನ ಅಪ್ಪ ಕಾರಿಡಾರಿನಲ್ಲಿ ನಿಂತು "ನನ್ನ ಮುಂದ ಹೇಳಬಾರ್ದಾ ಮಗನ" ಎಂದು ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹೊಟ್ಟೆನೋವು ಅಂದ ಹುಡುಗನನ್ನು ತಾಯಿ ತಂದೆ ಬಾಯಿಬಿಟ್ಟು ಕೇಳಬೇಕು, ಕೆಳಗೆ ನೋವಿದೆಯಾ ಅಂತ. ಡಾಕ್ಟರೂ ಕೇಳಬೇಕು. ಬಟ್ಟೆ ಸರಿಸಿ ನೋಡಬೇಕು.

ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಅಜ್ಜಿಯರಿಗೆ ಇನ್ನೊಂದು ಕೆಲಸ. ಗಂಡು ಕೂಸಿನ ಚೀಲದಲ್ಲಿ ಎರಡೂ ಬೀಜ ಇವೆಯೇ ಎಂದು ಬಿಸಿನೀರು ಹಾಕುವಾಗ ನೋಡಿ. ಚಳಿಗೆ ಮೇಲೇರುತ್ತವೆ, ಬಿಸಿನೀರಿಗೆ ಇಳಿಯುತ್ತವೆ. ಆರು ತಿಂಗಳಾದರೂ ಒಂದು ಇಳಿದಿಲ್ಲ ಅಂದರೆ ತಾನೇ ಇಳಿಯುವುದು ಕಷ್ಟ. ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಇಳಿಸಿ ಹೊಲಿಯಬೇಕು. ದೊಡ್ಡವನಾದ ಮೇಲೆ ನೋಡೋಣ ಎಂದು ಬಿಟ್ಟರೆ ಬೀಜದ ಶಕ್ತಿ ಕಡಿಮೆಯಾಗುತ್ತದೆ, ಮುಂದೆ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಬೀಜ ಬಾತಿರುವುದೆಲ್ಲ ಹರ್ನಿಯಾ ಅಲ್ಲ. ಬೀಜದ ಸುತ್ತ ನೀರು ತುಂಬಿಕೊಂಡರೆ ಹೈಡ್ರೋಸೀಲ್. ಕತ್ತಲಲ್ಲಿ ಬ್ಯಾಟರಿ ಬೆಳಕು ಹಿಡಿದರೆ ನೀರಿನ ಚೀಲ ಕೆಂಪಗೆ ಹೊಳೆಯುತ್ತದೆ. ಕರುಳು ಇದ್ದರೆ ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಆನೆಕಾಲು ರೋಗದ ಪಟ್ಟಿಯಲ್ಲಿ ಇದ್ದ ಜಿಲ್ಲೆಗಳು. ಆ ರೋಗದ ಹುಳು ದಾರದಂಥದ್ದು. ಅದು ವಾಸ ಮಾಡುವುದು ತೊಡೆಸಂದಿನ, ಬೀಜದ ಚೀಲದ ದುಗ್ಧನಾಳಗಳಲ್ಲಿ, ಅಂದರೆ ಮೈಯ ನೀರಂಶವನ್ನು ತಿರುಗಿ ರಕ್ತಕ್ಕೆ ಸಾಗಿಸುವ ಸಣ್ಣ ನಾಳಗಳಲ್ಲಿ. ಗಟಾರದ ಕೊಳಕು ನೀರಿನಲ್ಲಿ ಬೆಳೆಯುವ ಸೊಳ್ಳೆ ಅದನ್ನು ಹರಡುತ್ತದೆ. ಹುಳುವಿನ ಮರಿಗಳು ರಕ್ತದಲ್ಲಿ ಓಡಾಡುವುದು ರಾತ್ರಿ. ಅದಕ್ಕೇ ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಬಂದು ಬೆರಳಿನ ರಕ್ತ ಕೇಳುವುದು. ನಿದ್ದೆ ಕೆಡಿಸಿದರು ಎಂದು ಬೈಯಬೇಡಿ. ಆ ಹುಳುವಿಗೆ ಡಿಇಸಿ, ಅಲ್ಬೆಂಡಜೋಲ್ ಗುಳಿಗೆ ಕೊಟ್ಟರೆ ಅವರ ಮುಂದೆಯೇ ನುಂಗಿ.

ದುಗ್ಧನಾಳ ಅಂದೆ. ಅದರ ಗ್ರಂಥಿಗಳು ತೊಡೆಸಂದಿನಲ್ಲಿ ಹೆಸರುಕಾಳು, ಕಡಲೆಕಾಳಿನಷ್ಟು ದಪ್ಪ ಸಾಲಾಗಿ ಇರುತ್ತವೆ. ಅಗಸಿಯ ಕಾವಲುಗಾರರು ಅವು. ಕಾಲಿಂದ, ಕುಂಡಿಯಿಂದ, ಜನನಾಂಗದಿಂದ ಬರುವ ನಂಜನ್ನು ಅಲ್ಲೇ ತಡೆಯುತ್ತವೆ. ಬರಿಗಾಲಲ್ಲಿ ಹೊಲಕ್ಕೆ ಹೋಗಿ ಜಾಲಿ ಮುಳ್ಳು ಚುಚ್ಚಿದ ಮೂರನೆಯ ದಿನ ಸಂದಿನಲ್ಲಿ ನೋಯುವ ಗಂಟು ಏಳುತ್ತದಲ್ಲ, ಅದು ಇದೇ. ಗಂಟಿಗೆ ಮದ್ದು ಹುಡುಕುವ ಮೊದಲು ಹಿಮ್ಮಡಿ ನೋಡಿ, ಬೆರಳಸಂದಿ ನೋಡಿ. ಗಾಯ ಮಾಯ್ದರೆ ಗಂಟೂ ಇಳಿಯುತ್ತದೆ. ಜನನಾಂಗದ ಮೇಲೆ ಹುಣ್ಣಿದ್ದು ಗಂಟು ಬಂದಿದ್ದರೆ ಅದು ಲೈಂಗಿಕ ಸೋಂಕು ಇರಬಹುದು. ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಆಗಬೇಕು. ನೋವೇ ಇಲ್ಲದೆ ನಾಲ್ಕು ವಾರ ದಾಟಿ ಬೆಳೆಯುತ್ತಿರುವ ಗಟ್ಟಿ ಗಂಟನ್ನು ಮಾತ್ರ ಬಿಡಬೇಡಿ. ಟಿಬಿ ಇರಬಹುದು, ಕ್ಯಾನ್ಸರ್ ಇರಬಹುದು. ಸೂಜಿ ಹಾಕಿ ನೋಡಿದರೆ ಗೊತ್ತಾಗುತ್ತದೆ.

ನಿಮ್ಮ ಮನೆಯ ಹಿರಿಯರು ಪ್ಲೇಗಿನ ಕಥೆ ಹೇಳಿರಬಹುದು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ, ಧಾರವಾಡದ ಕಡೆ ಹಬ್ಬಿ ಮನೆಮನೆ ಖಾಲಿ ಮಾಡಿತು. ಇಲಿಯ ಚಿಗಟ ಕಚ್ಚುವುದು ಹೆಚ್ಚಾಗಿ ಕಾಲಿಗೆ. ಹೀಗಾಗಿ ಗಡ್ಡೆ ಏಳುತ್ತಿದ್ದದ್ದೂ ಹೆಚ್ಚಾಗಿ ತೊಡೆಸಂದಿನಲ್ಲಿ. ಇದೇ ಕಾವಲು ಗ್ರಂಥಿಗಳು ಸೋತ ಕಥೆ ಅದು.

ಗಜಕರ್ಣದ ಬಗ್ಗೆ ಹನ್ನೊಂದು ಚೀಟಿ ಬಂದಿವೆ. ಇದಕ್ಕೆ ಸರ್ಜನ್ ಬೇಕಿಲ್ಲ, ಆದರೆ ನನಗೆ ಇದರ ಬಗ್ಗೆ ಸಿಟ್ಟಿದೆ, ಹೇಳುತ್ತೇನೆ. ಬೆವರು, ಬಿಗಿ ಬಟ್ಟೆ, ತಿಕ್ಕಾಟ ಇರುವ ಕಡೆ ಶಿಲೀಂಧ್ರ ಬೆಳೆದು ಉಂಗುರದ ಹಾಗೆ ಹರಡುತ್ತದೆ. ನಮ್ಮ ಬೇಸಿಗೆಗೆ, ಜೀನ್ಸ್ ಪ್ಯಾಂಟಿಗೆ ಅದು ಹೇಳಿ ಮಾಡಿಸಿದ ಜಾಗ. ಹುಡುಗ ನಾಚಿಕೆಯಿಂದ ಡಾಕ್ಟರ್ ಹತ್ತಿರ ಹೋಗದೆ ಔಷಧಿ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಒಂದು ಟ್ಯೂಬ್ ಕೊಡುತ್ತಾರೆ. ಎರಡೇ ದಿನಕ್ಕೆ ತುರಿಕೆ ಮಾಯ. ಅದರಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್‌ನಂಥ ಸ್ಟಿರಾಯ್ಡ್ ಇರುತ್ತದೆ. ಅದು ತುರಿಕೆಯನ್ನು ಮಲಗಿಸುತ್ತದೆ, ಶಿಲೀಂಧ್ರಕ್ಕೆ ಗೊಬ್ಬರ ಹಾಕುತ್ತದೆ. ಬಿಟ್ಟ ಕೂಡಲೇ ಎರಡರಷ್ಟು ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ಕಾಗದದಷ್ಟು ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬಿದ್ದಿರುತ್ತವೆ. ಆ ಗೆರೆ ಮತ್ತೆ ಹೋಗುವುದಿಲ್ಲ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಮಾರಾಟ ನಿಂತಿಲ್ಲ. ಈಗ ಮೊದಲಿನ ಗುಳಿಗೆಗೆ ಬಗ್ಗದ ಹೊಸ ಶಿಲೀಂಧ್ರವೇ ನಮ್ಮ ದೇಶದಲ್ಲಿ ಹಬ್ಬಿದೆ. ಅದರ ಹೆಸರಿನಲ್ಲೇ ಇಂಡಿಯಾ ಇದೆ, ಟ್ರೈಕೋಫೈಟಾನ್ ಇಂಡೋಟಿನಿಯೇ. ಅದನ್ನು ಹೇಳಲು ನನಗೆ ನೋವಾಗುತ್ತದೆ.

ಗರಡಿಯವರು ಒಂದು ಮಾಡಿ. ಲಂಗೋಟಿ, ಟವೆಲ್ ಒಬ್ಬರದು ಒಬ್ಬರು ಬಳಸಬೇಡಿ. ತಾಲೀಮಿನ ಮೇಲೆ ಸ್ನಾನ ಮಾಡಿ, ಸಂದು ಪೂರ್ತಿ ಒರೆಸಿ. ಬಟ್ಟೆ ಬಿಸಿಲಲ್ಲಿ ಒಳಗಿನದು ಹೊರಗೆ ಮಾಡಿ ಒಣಗಿಸಿ. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇದ್ದರೆ ಅದಕ್ಕೂ ಮದ್ದು ಹಚ್ಚಿ, ಒಳಚಡ್ಡಿ ಹಾಕುವಾಗ ಅಲ್ಲಿಂದಲೇ ಮೇಲಕ್ಕೆ ಬರುತ್ತದೆ. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರೂ ಒಟ್ಟಿಗೆ ಚಿಕಿತ್ಸೆ ತಗೊಳ್ಳಿ. ಕಲೆ ಹೋದ ಮೇಲೂ ಎರಡು ವಾರ ಮುಲಾಮು ಬಿಡಬೇಡಿ.

ಆಟದಲ್ಲಿ ಸಂದು ಹಿಡಿಯುವುದು ಬೇರೆ. ಕಬಡ್ಡಿಯಲ್ಲಿ ಬೋನಸ್ ಗೆರೆಗೆ ಕಾಲು ಚಾಚುವಾಗ ತೊಡೆಯ ಒಳಗಡೆಯ ಸ್ನಾಯು ಎಳೆದುಕೊಳ್ಳುತ್ತದೆ. ಅದಕ್ಕೆ ನಾವು ನರ ಹಿಡಿಯಿತು ಅನ್ನುತ್ತೇವೆ. ಮೊದಲ ಎರಡು ದಿನ ತಿಕ್ಕಿಸಬೇಡಿ, ಮಂಜುಗಡ್ಡೆ ಇಡಿ, ಕಾಲಿಗೆ ಬಿಡುವು ಕೊಡಿ. ಆಮೇಲೆ ನಿಧಾನವಾಗಿ ಬಲ ತುಂಬಬೇಕು. ಅಡ್ಡ ಮಲಗಿ ಮೇಲಿನ ಕಾಲನ್ನು ಜೊತೆಗಾರ ಹಿಡಿದುಕೊಂಡಾಗ ಸೊಂಟ ಎತ್ತುವ ಒಂದು ವ್ಯಾಯಾಮ ಇದೆ. ನಾರ್ವೆಯ ಫುಟ್‌ಬಾಲ್ ಆಟಗಾರರು ಒಂದು ಸೀಸನ್ ಪೂರ್ತಿ ಇದನ್ನು ಮಾಡಿದಾಗ ಸಂದಿನ ತೊಂದರೆ 41 ಪರ್ಸೆಂಟ್ ಕಡಿಮೆಯಾಯಿತು, 2019ರ ಅಧ್ಯಯನ ಅದು. ನಿಮ್ಮ ವಸ್ತಾದರಿಗೆ ತೋರಿಸಿಕೊಟ್ಟು ಹೋಗುತ್ತೇನೆ.

ಕೆಲವು ನೋವು ಸಂದಿನಲ್ಲಿ ಕಾಣುತ್ತವೆ, ಬೇರು ಬೇರೆ ಕಡೆ ಇರುತ್ತದೆ. ಬೆನ್ನಿನ ಪಕ್ಕದಿಂದ ಹೊರಟು ಸಂದಿಗೆ ಇಳಿಯುವ, ಹೊರಳಾಡಿಸುವ ನೋವು ಮೂತ್ರದ ಕಲ್ಲಿನದು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸಂದು ನೋವು ಅಂದರೆ, ಕಾಲು ಗಿಡ್ಡಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಯ ಎಲುಬಿನ ಕುತ್ತಿಗೆ ಮುರಿದಿದೆ. ಎಣ್ಣೆ ಹಚ್ಚಿಸಲು ಹೋಗಬೇಡಿ.

ಹೊಸ್ತಿಲಿನ ಕೆಳಗಿನ ದಾರಿ ಉಳಿಯಿತು. ಸಂದಿನ ಗೆರೆಯ ನಡುಮಧ್ಯ ಬೆರಳಿಟ್ಟು ಒತ್ತಿ. ನಾಡಿ ಹೊಡೆಯುತ್ತದೆ. ಇಡೀ ಕಾಲಿನ ರಕ್ತ ಅಲ್ಲಿ ಹಾದುಹೋಗುತ್ತದೆ, ಚರ್ಮದ ಕೆಳಗೇ. ಹೃದಯದ ಆಂಜಿಯೋಗ್ರಾಮ್ ಮಾಡುವಾಗ ಎಷ್ಟೋ ಸಲ ತಂತಿ ಹಾಕುವುದು ಇಲ್ಲಿಂದಲೇ. ಕಾರಹುಣ್ಣಿಮೆಯ ಕರಿ ಹರಿಯುವಾಗ ಎತ್ತಿನ ಕೊಂಬು ಚುಚ್ಚುವುದೂ ಹೆಚ್ಚಾಗಿ ಇದೇ ಎತ್ತರಕ್ಕೆ. ರಕ್ತ ಚಿಮ್ಮಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಹಗ್ಗ ಬಿಗಿಯಲು ಅಲ್ಲಿ ಜಾಗ ಇಲ್ಲ. ಮಲಗಿಸಿ, ಶಲ್ಯವನ್ನು ಉಂಡೆ ಮಾಡಿ ಗಾಯದೊಳಗೆ ತುರುಕಿ, ಮುಷ್ಟಿಯಿಂದ ಮೈಭಾರ ಹಾಕಿ ಒತ್ತಿ. ನಿಂತಿತಾ ಎಂದು ಎತ್ತಿ ನೋಡಬೇಡಿ. ಆಸ್ಪತ್ರೆಯ ಬಾಗಿಲ ತನಕ ಒತ್ತಿ ಹಿಡಿದೇ ಬನ್ನಿ.

ಕೊನೆಯ ಚೀಟಿ ಗುಡಿಯ ಕಡೆಯಿಂದ ಬಂದದ್ದು. ಇದ್ದ ಹಾಗೇ ಓದುತ್ತೇನೆ. "ನನಗ ಬಲಗಡೆ ಸಂದಿನ್ಯಾಗ ಅಡಿಕಿಯಷ್ಟ ಗಂಟ ಐತ್ರಿ. ಆರ ತಿಂಗಳಾತು. ಗಂಡಸ ಡಾಕ್ಟರಿಗೆ ತೋರ್ಸಾಕ ನಾಚಿಕಿ ಆಗ್ತೈತಿ. ಏನ್ ಮಾಡ್ಲಿ?"

ತಂಗಿ, ನೀವು ಬರೆದದ್ದು ಒಳ್ಳೆಯದಾಯಿತು. ಯಾರು ಎಂದು ನಾನು ಕೇಳುವುದಿಲ್ಲ. ಅದು ಬರೀ ಗ್ರಂಥಿ ಇರಬಹುದು. ಆದರೆ ಹೊಸ್ತಿಲಿನ ಕೆಳಗಿನ ದಾರಿಯಲ್ಲಿ, ದೊಡ್ಡ ರಕ್ತನಾಳದ ಪಕ್ಕ ಒಂದು ಸಣ್ಣ ಖಾಲಿ ಜಾಗ ಇದೆ. ಅಲ್ಲಿ ಇಳಿಯುವ ಹರ್ನಿಯಾ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಗಂಟು ಸಣ್ಣದೇ, ಬಾಯಿ ಇನ್ನೂ ಸಣ್ಣದು, ಸುತ್ತ ಗಟ್ಟಿ. ಅದಕ್ಕೇ ಕರುಳು ಬೇಗ ಸಿಕ್ಕಿಕೊಳ್ಳುತ್ತದೆ. ಗಂಡಸರಿಗೆ ಕಾದು ನೋಡಬಹುದು ಎಂದೆನಲ್ಲ, ಆ ಮಾತು ನಿಮಗೆ ಅನ್ವಯಿಸುವುದಿಲ್ಲ.

ಹೆಣ್ಣು ಡಾಕ್ಟರಿಗೇ ತೋರಿಸಬಹುದು. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕೇಳಿ, ಅವರು ನೋಡಿ ಸ್ಕ್ಯಾನಿಂಗ್‌ಗೆ ಬರೆದುಕೊಡುತ್ತಾರೆ. ಗಂಡಸು ಡಾಕ್ಟರ್ ನೋಡಬೇಕಾಗಿ ಬಂದರೂ ಪಕ್ಕದಲ್ಲಿ ನರ್ಸ್ ಇರಲೇಬೇಕು, ಹಾಗೆ ಕೇಳುವುದು ನಿಮ್ಮ ಹಕ್ಕು. ಪರದೆ ಎಳೆದಿರುತ್ತಾರೆ. ಸೀರೆ ಪೂರ್ತಿ ತೆಗೆಯಬೇಕಾಗಿಲ್ಲ, ಒಂದು ಅಂಗೈ ಜಾಗ ಕಂಡರೆ ಸಾಕು. ಒಮ್ಮೆ ನಿಂತು, ಒಮ್ಮೆ ಮಲಗಿ ಕೆಮ್ಮಲು ಹೇಳುತ್ತಾರೆ. ಐದು ನಿಮಿಷ. ರೇಷನ್ ಕಾರ್ಡ್, ಆಧಾರ್ ಎರಡೂ ತನ್ನಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. ಆಶಾ ಅಕ್ಕ ಸೋಮವಾರ ಜೊತೆಗೆ ಬರುತ್ತೇನೆ ಎಂದಿದ್ದಾರೆ, ಅವರಿಗೆ ಒಬ್ಬರಿಗೇ ಹೇಳಿದರೂ ಸಾಕು. ಅಷ್ಟರೊಳಗೆ ಗಂಟು ಗಟ್ಟಿಯಾಗಿ ನೋವು ಬಂದರೆ, ವಾಂತಿ ಆದರೆ, ಸೋಮವಾರದ ತನಕ ಕಾಯಬೇಡಿ. ಅದೇ ರಾತ್ರಿ 108ಕ್ಕೆ ಫೋನ್ ಮಾಡಿ.